ದಾಖಲೆ ಸಂರಕ್ಷಣೆಯ ಕಾನೂನು ಬದಲಾದಾಗ ಕಚೇರಿ ಸಿಬ್ಬಂದಿಗೆ ತರಬೇತಿ ಕೊಡುವುದು ಹೇಗೆ?

ತರಬೇತಿ ಮುಗಿಯುತ್ತದೆ. ಹಾಜರಿ ಪಟ್ಟಿಗೆ ಸಹಿ ಬೀಳುತ್ತದೆ. ಮೂರು ತಿಂಗಳ ಮೇಲೆ ಅದೇ ಕಚೇರಿಗೆ ಹೋದರೆ ಎರಡರಲ್ಲಿ ಒಂದು ಕಾಣುತ್ತದೆ. ಒಂದೋ ರೆಕಾರ್ಡ್ ರೂಮ್‌ನಲ್ಲಿ ಕಾಲಿಡಲು ಜಾಗವಿಲ್ಲ, ಭಯಕ್ಕೆ ಯಾರೂ ಒಂದು ಹಾಳೆಯನ್ನೂ ತೆಗೆದಿಲ್ಲ. ಇಲ್ಲವೇ ಕೊಠಡಿ ಚೊಕ್ಕವಾಗಿದೆ, ಆದರೆ ಏನೇನು ಹೋಯಿತು ಎಂಬ ಪಟ್ಟಿ ಯಾರ ಹತ್ತಿರವೂ ಇಲ್ಲ.

ಎರಡಕ್ಕೂ ಕಾರಣ ಒಂದೇ. ನಾವು ಕಲಂಗಳನ್ನು ಓದಿಸಿದ್ದೇವೆ, ಕಡತವನ್ನು ಕೈಗೆ ಕೊಟ್ಟಿಲ್ಲ. ಕೇಸ್ ವರ್ಕರ್‌ಗೆ, ಅಂದರೆ ಕಡತ ನಿರ್ವಹಿಸುವ ಗುಮಾಸ್ತರಿಗೆ, ಬೇಕಿರುವುದು ಕಾಯ್ದೆಯ ಪೀಠಿಕೆಯಲ್ಲ. ಎದುರಿಗಿರುವ ಈ ಕಟ್ಟನ್ನು ಇಡಬೇಕೋ, ತೆಗೆಯಬೇಕೋ, ಯಾರನ್ನು ಕೇಳಬೇಕೋ ಎಂಬ ಉತ್ತರ ಬೇಕು. ಕೆಳಗಿನ ಹಂತಗಳನ್ನು ಆ ಉತ್ತರದ ಕಡೆಗೇ ಜೋಡಿಸಿದ್ದೇನೆ. ಕ್ರಮ ಬದಲಿಸಬೇಡಿ. ಬಹಳಷ್ಟು ತರಬೇತಿಗಳು ಕೆಡುವುದು ಕ್ರಮ ತಪ್ಪಿದ್ದರಿಂದ.

ಹಂತ 1: ಮೊದಲು ನಾಶಪಡಿಸುವ ಕೆಲಸ ನಿಲ್ಲಿಸಿ

ತರಬೇತಿಯ ದಿನಾಂಕ ನಿಗದಿಯಾದ ಕೂಡಲೇ ಕಚೇರಿ ಮುಖ್ಯಸ್ಥರಿಂದ ಒಂದು ಪುಟದ ಆದೇಶ ಹೊರಡಿಸಿ. ಯಾವ ಕಡತ ಎಷ್ಟು ವರ್ಷ ಇಡಬೇಕೆಂಬ ಹೊಸ ಪಟ್ಟಿ ಒಪ್ಪಿಗೆಯಾಗಿ, ತರಬೇತಿ ಮುಗಿದು, ಹಂತ 10ರ ಪರಿಶೀಲನೆಯೂ ಆಗುವವರೆಗೆ ಯಾವ ಕಡತವನ್ನೂ ನಾಶಪಡಿಸುವಂತಿಲ್ಲ, ರದ್ದಿಗೆ ಹಾಕುವಂತಿಲ್ಲ, ಸರ್ವರ್‌ನಿಂದ ಅಳಿಸುವಂತಿಲ್ಲ ಎಂದು ಅದರಲ್ಲಿ ಇರಲಿ.

ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? 'ಹೊಸ ಕಾನೂನು ಬರುತ್ತಿದೆಯಂತೆ' ಎಂಬ ಮಾತು ಹಬ್ಬಿದ ವಾರದಲ್ಲೇ ಹಳೆಯ ಕಟ್ಟುಗಳು ಜಾಸ್ತಿ ಹೊರಗೆ ಹೋಗುತ್ತವೆ. ನಾನು ತರಬೇತಿಗೆ ಹೋದ ಒಂದು ಕಚೇರಿಯಲ್ಲಿ ಅಭ್ಯಾಸಕ್ಕೆ ಬೇಕೆಂದು ನಾನು ಕೇಳಿದ್ದ ಕಡತಗಳೇ ಹಿಂದಿನ ಶನಿವಾರದ ಸ್ವಚ್ಛತೆಯಲ್ಲಿ ಹೋಗಿದ್ದವು. ಅವು ಯಾವ ವರ್ಗದವು ಎಂದು ಹೇಳಲು ಯಾರಿಗೂ ಆಗಲಿಲ್ಲ. ಆವತ್ತಿನಿಂದ ಈ ಆದೇಶದ ಪ್ರತಿ ಕೈಗೆ ಬರದೆ ನಾನು ತರಬೇತಿ ಒಪ್ಪಿಕೊಳ್ಳುವುದಿಲ್ಲ.

ಹಂತ 2: ಎದುರಿಗಿರುವ ಕಚೇರಿಗೆ ಯಾವ ಕಾನೂನು ಎಂದು ಖಚಿತ ಮಾಡಿಕೊಳ್ಳಿ

ಕೇಂದ್ರ ಸರ್ಕಾರದ ಕಚೇರಿಗಳು, ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಮತ್ತು ಶಾಸನಬದ್ಧ ಸಂಸ್ಥೆಗಳು, ಕೇಂದ್ರಾಡಳಿತ ಪ್ರದೇಶಗಳ ಆಡಳಿತ, ಇವಕ್ಕೆಲ್ಲ ಸಾರ್ವಜನಿಕ ದಾಖಲೆಗಳ ಕಾಯ್ದೆ 1993 ಮತ್ತು 1997ರ ನಿಯಮಗಳು ಅನ್ವಯ. ಕರ್ನಾಟಕ ಸರ್ಕಾರದ ಕಚೇರಿಗೆ ರಾಜ್ಯದ್ದೇ ಆದ 2010ರ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಜೊತೆಗೆ ಕಚೇರಿ ಕಾರ್ಯವಿಧಾನ ಕೈಪಿಡಿ ಮತ್ತು ಇಲಾಖೆಯ ಸ್ವಂತ ಪಟ್ಟಿ. ರಾಜ್ಯದ ಕಾಯ್ದೆಯ ಪಠ್ಯವನ್ನು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಿಂದಲೇ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಬೇಡ. ತಿದ್ದುಪಡಿ ಸೇರದ ಹಳೆಯ ಪ್ರತಿಗಳು ಅಲ್ಲಿ ಓಡಾಡುತ್ತಿರುತ್ತವೆ.

ಇಲ್ಲೊಂದು ದೊಡ್ಡ ಗೊಂದಲವಿದೆ. ರಾಜ್ಯದ ಪದ್ಧತಿಯಲ್ಲಿ ಎ ವರ್ಗ ಶಾಶ್ವತ, ಬಿ ವರ್ಗ 30 ವರ್ಷ, ಸಿ ವರ್ಗ 10 ವರ್ಷ, ಡಿ ವರ್ಗ 5 ವರ್ಷ, ಇ ವರ್ಗ 1 ವರ್ಷ. ಕೇಂದ್ರದ ಕಾರ್ಯವಿಧಾನದಲ್ಲಿ ಎ ಮತ್ತು ಬಿ ಎರಡೂ ಉಳಿಸಿಕೊಳ್ಳಬೇಕಾದವು. ಎ ವರ್ಗಕ್ಕೆ ಮೈಕ್ರೋಫಿಲ್ಮ್ (ಪುಟಗಳ ಕಿರಿದಾದ ಫಿಲ್ಮ್ ಪ್ರತಿ) ಕೂಡ ಬೇಕು, ಬಿ ವರ್ಗಕ್ಕೆ ಬೇಡ, ಅಷ್ಟೇ ವ್ಯತ್ಯಾಸ. ಸಿ ಎಂದರೆ ಗೊತ್ತುಪಡಿಸಿದ ಅವಧಿಗೆ ಮಾತ್ರ. ಹಾಗಾಗಿ ಎರವಲು ಸೇವೆಯ ಮೇಲೆ ಕೇಂದ್ರದ ಕಚೇರಿಗೆ ಹೋದ ರಾಜ್ಯ ನೌಕರರು ಬಿ ಎಂದು ನೋಡಿ 30 ವರ್ಷ ಎಂದು ಎಣಿಸಿದರೆ ಶಾಶ್ವತ ಕಡತವೇ ಹೋಗುತ್ತದೆ. ಇದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ದಿನಪೂರ್ತಿ ಹಾಗೇ ಬಿಡಿ.

ಹಂತ 3: ಬದಲಾವಣೆಯನ್ನು ಒಂದೇ ಪುಟಕ್ಕೆ ಇಳಿಸಿ

ಮೂರು ಕಾಲಂ ಸಾಕು: ಮೊದಲು ಏನಿತ್ತು, ಈಗ ಏನು, ನನ್ನ ಮೇಜಿನ ಮೇಲೆ ಏನು ಬದಲಾಗುತ್ತದೆ. ಮೂರನೆಯ ಕಾಲಂ ತುಂಬಲು ಆಗದಿದ್ದರೆ ಆ ಬದಲಾವಣೆ ಈ ತರಬೇತಿಗೆ ಬೇಕಿಲ್ಲ.

ಈಚಿನ ಬದಲಾವಣೆಗಳಲ್ಲಿ ಸಿಬ್ಬಂದಿ ತಪ್ಪಾಗಿ ಅರ್ಥ ಮಾಡಿಕೊಳ್ಳುವವು ಮೂರು. ಇವಕ್ಕೆ ಜಾಸ್ತಿ ಹೊತ್ತು ಕೊಡಿ.

ಮೊದಲನೆಯದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ). ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ 44(3)ನೇ ಕಲಂ ಇದನ್ನು ಬದಲಿಸಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಈಗ ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಮಾಹಿತಿ ಕೊಡದಿರಲು ಅವಕಾಶ ಮೊದಲಿಗಿಂತ ಅಗಲವಾಗಿದೆ. ಆದರೆ ಇದು ಮಾಹಿತಿ ಕೊಡುವುದರ ಬಗ್ಗೆ ಇರುವ ಮಾತು. ಕಡತ ಇಡುವುದರ ಬಗ್ಗೆ ಅಲ್ಲ. 'ಹೇಗೂ ಕೊಡಬೇಕಿಲ್ಲ, ಇಟ್ಟು ಏನು ಮಾಡೋದು?' ಎಂದು ಕೇಳುವವರು ಪ್ರತಿ ತರಬೇತಿಯಲ್ಲೂ ಇರುತ್ತಾರೆ. ಕೊಡದಿದ್ದರೂ ಇಡಲೇಬೇಕು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2) ಹಾಗೇ ಇದೆ ಎಂಬುದನ್ನೂ ಸೇರಿಸಿ ಹೇಳಿ.

ಎರಡನೆಯದು ಅದೇ ದತ್ತಾಂಶ ಕಾಯ್ದೆಯ 'ಅಳಿಸಬೇಕು' ಎಂಬ ಮಾತು. ಉದ್ದೇಶ ಮುಗಿದ ಮೇಲೆ ವೈಯಕ್ತಿಕ ದತ್ತಾಂಶ ಅಳಿಸಬೇಕು ಎನ್ನುತ್ತದೆ 8(7). ಇದನ್ನು ಪತ್ರಿಕೆಯಲ್ಲಿ ಓದಿದ ಸಿಬ್ಬಂದಿ ಫಲಾನುಭವಿಗಳ ಹಳೆಯ ಪಟ್ಟಿಗಳನ್ನು ಅಳಿಸಲು ಹೊರಡುತ್ತಾರೆ. ತಡೆಯಿರಿ. 17(4)ನೇ ಕಲಂ ಪ್ರಕಾರ ಸರ್ಕಾರ ಮತ್ತು ಅದರ ಸಂಸ್ಥೆಗಳಿಗೆ 8(7) ಅನ್ವಯಿಸುವುದಿಲ್ಲ. ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದೇ 2025ರ ನವೆಂಬರ್ ಅಧಿಸೂಚನೆಯಿಂದ 18 ತಿಂಗಳ ನಂತರ. ದತ್ತಾಂಶವನ್ನು ಜೋಪಾನವಾಗಿ ಇಡುವ ಹೊಣೆ ಮಾತ್ರ ಕಚೇರಿಯ ಮೇಲೆ ಖಂಡಿತ ಇದೆ. ಜೋಪಾನ ಬೇರೆ, ಅಳಿಸುವುದು ಬೇರೆ, ಅಲ್ವಾ?

ಮೂರನೆಯದು 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಕಾನೂನುಗಳು. ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಬಹುದಾದ ದಾಖಲೆಯನ್ನು ಅದನ್ನು ತಪ್ಪಿಸಲೆಂದೇ ನಾಶಪಡಿಸಿದರೆ, ಹಳೆಯ ದಂಡ ಸಂಹಿತೆಯ 204ನೇ ಕಲಂನಲ್ಲಿ 2 ವರ್ಷದವರೆಗೆ ಶಿಕ್ಷೆಯಿತ್ತು. ಭಾರತೀಯ ನ್ಯಾಯ ಸಂಹಿತೆಯ 241ರಲ್ಲಿ ಅದು 3 ವರ್ಷದವರೆಗೆ ಹೋಗಿದೆ. ಎಲೆಕ್ಟ್ರಾನಿಕ್ ದಾಖಲೆಗೂ ಇದೇ ಮಾತು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ವಿಷಯ ಹಂತ 8ರಲ್ಲಿದೆ.

ಹಂತ 4: ಪಟ್ಟಿ ಸರಿಪಡಿಸದೆ ತರಬೇತಿ ಮಾಡಬೇಡಿ

ಯಾವ ಕಡತ ಎಷ್ಟು ವರ್ಷ ಎಂಬ ಅವಧಿ ಪಟ್ಟಿಯೇ ಕೊನೆಗೆ ಸಿಬ್ಬಂದಿಯ ಕೈಯಲ್ಲಿ ಉಳಿಯುವುದು. ಅದು ಹಳೆಯದಿದ್ದರೆ ನಿಮ್ಮ ಇಡೀ ದಿನ ವ್ಯರ್ಥ. ಕಚೇರಿಯಲ್ಲಿ ಈಗ ನಿಜವಾಗಿ ಹುಟ್ಟುತ್ತಿರುವ ಕಡತಗಳ ವಿಷಯಗಳನ್ನು ಪಟ್ಟಿಯ ಜೊತೆ ಹೋಲಿಸಿ. ಸಕಾಲ ಅರ್ಜಿಗಳು, ಇ-ಆಫೀಸ್ ಕಡತಗಳು, ಆನ್‌ಲೈನ್ ಟೆಂಡರ್ ದಾಖಲೆಗಳು ಪಟ್ಟಿಯಲ್ಲೇ ಇಲ್ಲದಿರುವುದು ಸಾಮಾನ್ಯ.

ಪಟ್ಟಿ ತಿದ್ದುವ ಅಧಿಕಾರ ತರಬೇತುದಾರರಿಗೆ ಇಲ್ಲ. ಕೇಂದ್ರದ ಕಚೇರಿಯಾದರೆ ದಾಖಲೆ ಅಧಿಕಾರಿ ರಾಷ್ಟ್ರೀಯ ಪತ್ರಾಗಾರದ ಜೊತೆ ಸಮಾಲೋಚಿಸಿ ಪಟ್ಟಿ ಸಿದ್ಧಪಡಿಸಬೇಕು. ರಾಜ್ಯದ ಕಚೇರಿಯಾದರೆ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳದೆ ಮುಂದೆ ಹೋಗಬೇಡಿ. ಇದಕ್ಕೆ ವಾರಗಳು ಹಿಡಿಯುತ್ತವೆ. ಆದ್ದರಿಂದ ಪಟ್ಟಿಯ ಕೆಲಸ ಜೂನ್–ಜುಲೈನಲ್ಲಿ ಶುರುವಾಗಲಿ, ತರಬೇತಿ ನವೆಂಬರ್–ಡಿಸೆಂಬರ್‌ನಲ್ಲಿರಲಿ. ಕೆಲಸ ಮುಗಿದ ಕಡತಗಳನ್ನು ಪ್ರತಿ ಜನವರಿಯಲ್ಲಿ ವರ್ಗೀಕರಿಸಿ ಇಡಬೇಕು ಎಂದು 1997ರ ನಿಯಮಗಳೇ ಹೇಳುತ್ತವೆ. ಕಲಿತದ್ದನ್ನು ಮರೆಯುವ ಮೊದಲೇ ಕೈಯಿಂದ ಮಾಡಿದಂತಾಗುತ್ತದೆ.

ಹಂತ 5: ಯಾರನ್ನು ಕೂರಿಸಬೇಕು, ಏನು ತರಿಸಬೇಕು

ಸಾಮಾನ್ಯವಾಗಿ ಅಧಿಕಾರಿಗಳು ಬರುತ್ತಾರೆ, ಕಡತ ಮುಟ್ಟುವವರು ಬರುವುದಿಲ್ಲ. ಇದು ಉಲ್ಟಾ ಆಗಬೇಕು. ಎಫ್‌ಡಿಎ, ಎಸ್‌ಡಿಎ (ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು), ರೆಕಾರ್ಡ್ ರೂಮ್ ನೋಡಿಕೊಳ್ಳುವವರು, ಕಟ್ಟು ಹೊತ್ತು ತರುವ ಗ್ರೂಪ್ ಡಿ ನೌಕರರು, ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು, ಇವರೆಲ್ಲ ಇರಲೇಬೇಕು. ಯಾವ ಗಂಟು ಎಲ್ಲಿದೆ, ಮಳೆಗಾಲದಲ್ಲಿ ಯಾವ ಗೋಡೆ ಸೋರುತ್ತದೆ, ಎಲ್ಲಿ ಗೆದ್ದಲು ಹಿಡಿದಿದೆ ಎಂದು ಗೊತ್ತಿರುವುದು ಗ್ರೂಪ್ ಡಿ ನೌಕರರಿಗೇ. ಅವರನ್ನು ಹೊರಗಿಟ್ಟು ದಾಖಲೆಯ ತರಬೇತಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಶಾಖಾಧಿಕಾರಿಗಳು ಮತ್ತು ಸೂಪರಿಂಟೆಂಡೆಂಟ್‌ಗಳು ಕೊನೆಯ ಒಂದು ಗಂಟೆಗೆ ಬಂದರೂ ಸಾಕು, ಆದರೆ ಮಾಹಿತಿ ಅಧಿಕಾರಿ ಪೂರ್ತಿ ದಿನ ಇರಲಿ.

ಒಂದು ತಂಡಕ್ಕೆ 20ರಿಂದ 25 ಜನ. ತರಿಸಬೇಕಾದ್ದು ಇಷ್ಟು: ಮುಕ್ತಾಯವಾದ 40 ನಿಜವಾದ ಕಡತಗಳು, ಒಪ್ಪಿಗೆಯಾದ ಅವಧಿ ಪಟ್ಟಿ, ಕಡತ ವಹಿ, ನಾಶಪಡಿಸಿದ ಕಡತಗಳ ವಹಿ, ಮಾಹಿತಿ ಹಕ್ಕು ಅರ್ಜಿಗಳ ವಹಿ, ನ್ಯಾಯಾಲಯದ ಪ್ರಕರಣಗಳ ಪಟ್ಟಿ, ಆಡಿಟ್ ಆಕ್ಷೇಪಣೆಗಳ ಪಟ್ಟಿ. ಪ್ರೊಜೆಕ್ಟರ್ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟವಿಲ್ಲ. ಗೌಪ್ಯ ಕಡತಗಳನ್ನು ಅಭ್ಯಾಸಕ್ಕೆ ತರಬೇಡಿ.

ಹಂತ 6: ಕಡತ ಕೈಗೆ ಕೊಟ್ಟು ಕಲಿಸಿ

ಕಾನೂನಿನ ವಿವರಣೆ 45 ನಿಮಿಷ ಮೀರಬಾರದು. ಉಳಿದ ಹೊತ್ತೆಲ್ಲ ಕಡತದ್ದು. ಇಬ್ಬಿಬ್ಬರಿಗೆ ಮೂರು ಕಡತ ಕೊಡಿ. ಪ್ರತಿಯೊಂದಕ್ಕೂ ಐದು ಪ್ರಶ್ನೆ, ಇದೇ ಕ್ರಮದಲ್ಲಿ:

1. ಈ ಕಡತ ಹುಟ್ಟಿದ್ದು ನಮ್ಮಲ್ಲೋ, ನಮಗೆ ಬಂದದ್ದು ಬರೀ ಪ್ರತಿಯೋ?
2. ಇದು ಮುಕ್ತಾಯವಾದದ್ದು ಯಾವಾಗ?
3. ಅವಧಿ ಪಟ್ಟಿಯ ಯಾವ ಸಾಲು ಇದಕ್ಕೆ ಹೊಂದುತ್ತದೆ?
4. ಇದರ ಮೇಲೆ ಏನಾದರೂ ತಡೆ (ಕೇಸ್, ಆಡಿಟ್‌ನಂಥ ಕಾರಣಕ್ಕೆ ತೆಗೆಯಬಾರದೆಂಬ ನಿರ್ಬಂಧ) ಇದೆಯಾ?
5. ತೀರ್ಮಾನಕ್ಕೆ ಸಹಿ ಹಾಕುವವರು ಯಾರು?

ಮೊದಲ ಪ್ರಶ್ನೆಯಲ್ಲೇ ಅರ್ಧ ಗೋಜಲು ಬಿಡಿಸಿಕೊಳ್ಳುತ್ತದೆ. ಸುತ್ತೋಲೆ ಹೊರಡಿಸಿದ ಕಚೇರಿಯ ಮೂಲ ಕಡತಕ್ಕೆ ಇರುವ ತೂಕ ಅದರ ಪ್ರತಿ ತಲುಪಿದ ಕಚೇರಿಯ ಕಾಗದಕ್ಕೆ ಇರುವುದಿಲ್ಲ. ಇದು ತಿಳಿಯದೆ ಒಂದೇ ಸುತ್ತೋಲೆಯ ಪ್ರತಿಗಳನ್ನು ಹತ್ತು ಶಾಖೆಗಳಲ್ಲಿ ಶಾಶ್ವತ ಎಂದು ಕಟ್ಟಿಟ್ಟಿರುತ್ತಾರೆ.

ಎರಡನೆಯದರಲ್ಲಿ ತಪ್ಪುವವರು ಬಹಳ. ಕಡತ ತೆರೆದ ದಿನದಿಂದ ವರ್ಷ ಎಣಿಸುತ್ತಾರೆ. 2012ರಲ್ಲಿ ತೆರೆದು 2021ರಲ್ಲಿ ಮುಕ್ತಾಯವಾದ ಸಿ ವರ್ಗದ ಕಡತಕ್ಕೆ 10 ವರ್ಷ ಎಂದರೆ 2031. 2022 ಅಲ್ಲ. ಮುಕ್ತಾಯವೇ ಆಗದ ಕಡತಕ್ಕೆ ಎಣಿಕೆ ಶುರುವೇ ಆಗಿಲ್ಲ. ಈ ಒಂದು ಲೆಕ್ಕವನ್ನು ಎಲ್ಲರಿಂದಲೂ ಬಾಯಿಬಿಟ್ಟು ಹೇಳಿಸಿ.

ಮೂರನೆಯದಕ್ಕೆ ಮಿಶ್ರ ಕಡತವನ್ನು ಬೇಕೆಂದೇ ಸೇರಿಸಿ. ಹೊರಗೆ ನೋಡಿದರೆ ಸಾಮಾನ್ಯ ದೂರಿನ ಕಡತ, ಒಳಗೆ ಮೂಲ ಮಂಜೂರಾತಿ ಆದೇಶ ಸೇರಿಕೊಂಡಿರುತ್ತದೆ. ಮೇಲಿನ ಹಾಳೆ ನೋಡಿ ಡಿ ಎಂದು ಬರೆದರೆ ಮುಗಿಯಿತು. ಒಳಗಿರುವ ಅತಿ ಮುಖ್ಯವಾದ ಕಾಗದವೇ ಕಡತದ ವರ್ಗವನ್ನು ತೀರ್ಮಾನಿಸಬೇಕು. ಪ್ರತಿ ಹಾಳೆಯನ್ನೂ ತಿರುಗಿಸಿ ನೋಡುವ ಅಭ್ಯಾಸ ಇಲ್ಲೇ ಬೆಳೆಯಬೇಕು.

ಇದಕ್ಕೆ ನಾನು ಯಾವಾಗಲೂ ಬಳಸುವುದು ದರಖಾಸ್ತು ಕಡತ, ಅಂದರೆ ಸರ್ಕಾರಿ ಜಮೀನು ಮಂಜೂರಾತಿಯ ಕಡತ. ಅಜ್ಜನಿಗೆ ಜಮೀನು ಮಂಜೂರಾಗಿರುತ್ತದೆ. ಇಂದು ಮೊಮ್ಮಗ ಪೋಡಿ ದುರಸ್ತಿಗೆ (ಜಮೀನು ಅಳೆದು ಬೇರೆ ಸರ್ವೆ ನಂಬರ್ ಮಾಡಿಸಲು) ಬಂದಾಗ ಮೂಲ ಮಂಜೂರಾತಿ ದಾಖಲೆ ಕೇಳುತ್ತಾರೆ. ಅದು ಸಿಗದಿದ್ದರೆ ಆ ರೈತರು ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆಯುತ್ತಾರೆ. ಈ ಕಡತವನ್ನು ಕೈಯಲ್ಲಿ ಹಿಡಿದು ಮಾತಾಡಿದಾಗ ಸಿಬ್ಬಂದಿಯ ಮುಖವೇ ಬದಲಾಗುತ್ತದೆ. ಅವರ ಮನೆಗಳಲ್ಲೂ ಇಂಥ ಅಲೆದಾಟ ನಡೆದಿರುತ್ತದೆ.

ಹಂತ 7: ತಡೆ ನೋಡುವುದನ್ನು ಬೇರೆಯಾಗಿಯೇ ಕಲಿಸಿ

ಅವಧಿ ಮುಗಿದಿದೆ ಎಂದ ಮಾತ್ರಕ್ಕೆ ಕಡತ ತೆಗೆಯುವಂತಿಲ್ಲ. ಅತಿ ದುಬಾರಿಯಾದ ತಪ್ಪುಗಳು ನಡೆಯುವುದು ಈ ಹಂತದಲ್ಲಿ. ನಾಶಪಡಿಸುವ ಪಟ್ಟಿಯ ಪ್ರತಿ ಸಾಲನ್ನೂ ನಾಲ್ಕು ವಹಿಗಳ ಜೊತೆ ತಾಳೆ ನೋಡಬೇಕು: ಮಾಹಿತಿ ಹಕ್ಕು, ನ್ಯಾಯಾಲಯ, ಆಡಿಟ್, ಇಲಾಖಾ ವಿಚಾರಣೆ ಅಥವಾ ತನಿಖೆ.

ಮಾಹಿತಿ ಹಕ್ಕಿನಲ್ಲಿ ಉತ್ತರ ಕೊಟ್ಟ ಕೂಡಲೇ ವಿಷಯ ಮುಗಿಯಲಿಲ್ಲ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ ಕಾಲಾವಕಾಶವಿದೆ. ಮಾಹಿತಿ ಆಯೋಗದ ಮುಂದೆ ಮೇಲ್ಮನವಿ ಎಷ್ಟು ಕಾಲ ಇರುತ್ತದೋ ಅಷ್ಟೂ ಕಾಲ ಕಡತ ಇರಬೇಕು. ಕೇಳಿದ ಮಾಹಿತಿಯನ್ನು ನಾಶಪಡಿಸಿದರೆ 20ನೇ ಕಲಂ ಪ್ರಕಾರ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ. ಅದು ಮಾಹಿತಿ ಅಧಿಕಾರಿಯ ಸ್ವಂತ ಜೇಬಿನಿಂದಲೇ ಹೋಗುತ್ತದೆ. 'ಕಡತ ಕಾಣೆಯಾಗಿದೆ' ಎಂಬ ಉತ್ತರವೂ ರಕ್ಷಣೆಯಲ್ಲ. ಹಾಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಸಿಗದಿದ್ದರೆ ಯಾರು ಹೊಣೆ ಎಂದು ವಿಚಾರಣೆ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ.

ಇನ್ನೊಂದು ಗೊಂದಲ. ಮಾಹಿತಿ ಹಕ್ಕಿನ 8(3)ರಲ್ಲಿ 20 ವರ್ಷ ಎಂದಿದೆ ಎಂದು ಎಲ್ಲ ಕಡತವನ್ನೂ 20 ವರ್ಷ ಇಡುವವರಿದ್ದಾರೆ. 20 ವರ್ಷ ಕಳೆದ ವಿಷಯಗಳಿಗೆ ಹಲವು ವಿನಾಯಿತಿಗಳು ಅನ್ವಯಿಸುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಎಷ್ಟು ವರ್ಷ ಇಡಬೇಕೆಂದು ಹೇಳುವುದು ಅವಧಿ ಪಟ್ಟಿ.

ತಡೆ ಇರುವ ಕಡತದ ಮೇಲೆ ಕೆಂಪು ಚೀಟಿ ಅಂಟಿಸಿ, ಯಾವ ಕಾರಣ, ಯಾವ ದಿನಾಂಕ ಎಂದು ಬರೆಯಿಸಿ. ಕೇಸ್ ಮುಗಿದಾಗ ಚೀಟಿ ತೆಗೆಯುವ ಹೊಣೆ ಒಬ್ಬರ ಹೆಸರಿನಲ್ಲಿರಲಿ.

ಹಂತ 8: ಸ್ಕ್ಯಾನ್ ಆದ ಕಡತ, ಇ-ಕಡತ

'ಸ್ಕ್ಯಾನ್ ಆಗಿದೆ, ಬಿಸಾಕಬಹುದು.' ಈ ಮಾತು ಕೇಳಿದ ಕಡೆ ಅಲ್ಲೇ ನಿಲ್ಲಿಸಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳು ಸ್ಕ್ಯಾನ್ ಆಗುತ್ತಿರುವುದು ಬಹಳ ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಆಯಿತು ಎಂಬುದರಿಂದ ಮೂಲದ ಅವಧಿ ಕಡಿಮೆಯಾಗುವುದಿಲ್ಲ. ಸಹಿ, ಮುದ್ರೆ, ತಿದ್ದುಪಡಿಯ ಬಗ್ಗೆ ತಕರಾರು ಬಂದರೆ ನೋಡಬೇಕಾದ್ದು ಮೂಲವನ್ನೇ.

ಇ-ಕಡತಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 7ನೇ ಕಲಂ ಇದೆ. ದಾಖಲೆಯನ್ನು ಮುಂದೆಯೂ ತೆರೆದು ನೋಡಲು ಬರಬೇಕು. ಹುಟ್ಟಿದ ರೂಪದಲ್ಲೋ, ಬದಲಾಗಿಲ್ಲ ಎಂದು ತೋರಿಸಬಲ್ಲ ರೂಪದಲ್ಲೋ ಇರಬೇಕು. ಎಲ್ಲಿಂದ, ಎಲ್ಲಿಗೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ವಿವರ ಉಳಿಯಬೇಕು. ಇಮೇಲ್ ಅನ್ನು ಪ್ರಿಂಟ್ ತೆಗೆದು ಮೂಲ ಅಳಿಸಿದರೆ ಈ ವಿವರವೇ ಹೋಗುತ್ತದೆ. ನ್ಯಾಯಾಲಯಕ್ಕೆ ಕೊಡಬೇಕಾಗಿ ಬಂದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಹ್ಯಾಶ್ ಮೌಲ್ಯ (ಕಡತ ಬದಲಾಗಿದೆಯೇ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಿದ ಪ್ರಮಾಣಪತ್ರ ಬೇಕು. ಅದರ ಎರಡನೆಯ ಭಾಗಕ್ಕೆ ತಜ್ಞರ ಸಹಿಯೂ ಬೇಕು. ಕಚೇರಿಯಲ್ಲಿ ಇದನ್ನು ಯಾರು ಮಾಡುತ್ತಾರೆ ಎಂದು ತರಬೇತಿಯ ದಿನವೇ ಗೊತ್ತುಮಾಡಿ.

ಸ್ವಂತ ಮೊಬೈಲ್‌ನ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸೂಚನೆಯ ಮೇಲೆ ಕ್ರಮ ತೆಗೆದುಕೊಂಡಿದ್ದರೆ ಅದನ್ನು ಅದೇ ದಿನ ಕಡತಕ್ಕೆ ಸೇರಿಸುವ ಅಭ್ಯಾಸ ಮಾಡಿಸಿ. ಫೋನ್ ಬದಲಾದರೆ ಆ ದಾಖಲೆ ಮತ್ತೆ ಸಿಗುವುದಿಲ್ಲ.

ಹಂತ 9: ನಾಶಪಡಿಸುವ ಕ್ರಮವನ್ನು ಒಮ್ಮೆ ಪೂರ್ತಿ ಮಾಡಿಸಿ

ಅಣಕು ಪಟ್ಟಿ ಮಾಡಿಸಿ: ಕಡತ ಸಂಖ್ಯೆ, ವಿಷಯ, ವರ್ಗ, ಮುಕ್ತಾಯದ ದಿನ, ಅವಧಿ ಮುಗಿದ ದಿನ, ತಡೆ ಇಲ್ಲವೆಂಬ ದೃಢೀಕರಣ, ಒಪ್ಪಿಗೆ ಕೊಟ್ಟವರ ಸಹಿ. ಕೇಂದ್ರದ ಕಾಯ್ದೆ ಅನ್ವಯವಾಗುವಲ್ಲಿ 25 ವರ್ಷ ದಾಟಿದ ಯಾವ ದಾಖಲೆಯನ್ನೂ ಮೌಲ್ಯಮಾಪನ ಮಾಡಿಸದೆ ನಾಶಪಡಿಸುವಂತಿಲ್ಲ. 1892ಕ್ಕಿಂತ ಹಿಂದಿನದನ್ನು ಮುಟ್ಟುವಂತೆಯೇ ಇಲ್ಲ. ಬಳಸಲಾಗದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮಹಾನಿರ್ದೇಶಕರು ಅಭಿಪ್ರಾಯಪಟ್ಟರೆ ಮಾತ್ರ ಬೇರೆ ಮಾತು. ನಿಯಮ ಮೀರಿ ನಾಶಪಡಿಸಿದರೆ 5 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಡತ ಹೋದರೂ ಪಟ್ಟಿ ಹೋಗಬಾರದು. ನಾಶಪಡಿಸಿದವುಗಳ ಪಟ್ಟಿ ಶಾಶ್ವತ ದಾಖಲೆ. ಇನ್ನು ಕಾಗದವನ್ನು ಇಡಿಯಾಗಿ ರದ್ದಿಯವರಿಗೆ ತೂಕಕ್ಕೆ ಹಾಕಬೇಡಿ. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಅದರಲ್ಲಿರುತ್ತವೆ. ಜವಾಬ್ದಾರಿಯುತ ಅಧಿಕಾರಿಯ ಎದುರಿಗೇ ಚೂರು ಮಾಡಿಸಿ.

ಹಂತ 10: 90 ದಿನದ ನಂತರ ಮತ್ತೆ ಹೋಗಿ

ತರಬೇತಿ ಮುಗಿದ ಸಂಜೆ ಪರೀಕ್ಷೆ ಇಟ್ಟರೆ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತದೆ. ಅದನ್ನು ನಂಬಬೇಡಿ. 90 ದಿನ ಬಿಟ್ಟು ಹೋಗಿ, ಹೇಳದೆ ಹೋಗಿ. ಈ ಲಕ್ಷಣಗಳನ್ನು ನೋಡಿ:

- ಹೆಚ್ಚುಕಡಿಮೆ ಎಲ್ಲ ಕಡತದ ಮೇಲೂ ಒಂದೇ ವರ್ಗ. ಅಂದರೆ ಓದದೆ ಬರೆಯುತ್ತಿದ್ದಾರೆ.
- ನಾಶಪಡಿಸಿದ ವಹಿಯ ನೂರಾರು ಸಾಲುಗಳಿಗೆ ಒಂದೇ ದಿನ, ಒಂದೇ ಶಾಯಿಯ ಸಹಿ.
- ಅದೇ ವಹಿ ವರ್ಷಗಳಿಂದ ಖಾಲಿ.
- ವರ್ಗಾವಣೆಯ ತಿಂಗಳಲ್ಲಿ ಮಾತ್ರ ರೆಕಾರ್ಡ್ ರೂಮ್ ಸ್ವಚ್ಛತೆ.
- 'ಕಡತ ಲಭ್ಯವಿಲ್ಲ' ಎಂಬ ಉತ್ತರಗಳು ಮಾಹಿತಿ ಹಕ್ಕು ವಹಿಯಲ್ಲಿ ಏರುತ್ತಿರುವುದು.
- ಕೊಠಡಿಯ ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿದಾಗ ಮೂರು ಜನ ಮೂರು ಹೆಸರು ಹೇಳುವುದು.

ಕೊನೆಯದು ಕಂಡರೆ ಮಿಕ್ಕದ್ದೆಲ್ಲ ಬಿಟ್ಟು ಅದನ್ನೇ ಮೊದಲು ಸರಿಪಡಿಸಿ.

ನಂತರ ರೆಕಾರ್ಡ್ ರೂಮ್‌ನ ಬೇರೆ ಬೇರೆ ಕಪಾಟಿನಿಂದ ನೀವೇ ಹತ್ತು ಕಡತ ಎತ್ತಿಕೊಳ್ಳಿ. ಅದೇ ಐದು ಪ್ರಶ್ನೆಗಳನ್ನು ಆ ಕಡತಗಳ ಕೇಸ್ ವರ್ಕರ್‌ಗೆ ಕೇಳಿ. ಏಳಕ್ಕಿಂತ ಕಡಿಮೆ ಕಡತಗಳಿಗೆ ಸರಿಯಾದ ಉತ್ತರ ಬಂದರೆ ಹಂತ 6ನ್ನು ಅರ್ಧ ದಿನ ಮತ್ತೆ ಮಾಡಿ. ಈ ಸಲ ಅವರದ್ದೇ ಮೇಜಿನ ಮೇಲೆ, ಅವರದ್ದೇ ಕಡತಗಳ ಜೊತೆ. ಏಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಂತ 1ರ ತಡೆ ಆದೇಶವನ್ನು ಹಿಂಪಡೆಯಲು ಕಚೇರಿ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ.